ತೃಪ್ತಿಯ ಅರ್ಪಣೆ: ಮಿತಿಮೀರಿದ ಊಟ, ಹೊಟ್ಟೆಯುಬ್ಬರ ಮತ್ತು ಪ್ರಸಾದಿಯ ಎಚ್ಚರ

ಲಿಂಗಕ್ಕೆ ಅರ್ಪಿಸುವುದಕ್ಕೆ ಮುನ್ನ ಅನ್ನವು ಓಗರ. ಅರ್ಪಿತವಾದ ಬಳಿಕ ಅದೇ ಪ್ರಸಾದ. ಈ ಮಾತನ್ನು ಅರಿಯದ ವೀರಶೈವ ಗೃಹಸ್ಥನಿಲ್ಲ. ಪ್ರಸಾದವನ್ನು ಚೆಲ್ಲಬಾರದು, ಎಲೆಯಲ್ಲಿ ಒಂದಗುಳನ್ನೂ ಬಿಡಬಾರದು ಎಂಬ ಕಟ್ಟಳೆಯು ಮನೆಮನೆಗಳಲ್ಲಿ ನಡೆದುಬಂದಿದೆ. ಉಂಡ ತಟ್ಟೆಗೆ ನೀರೆರೆದು ತೊಳೆದು ಆ ನೀರನ್ನೂ ಸೇವಿಸುವ ಹಿರಿಯರು ಇಂದಿಗೂ ಹಳ್ಳಿಗಳಲ್ಲಿ ಕಾಣಸಿಗುತ್ತಾರೆ. ಆದರೆ ಈ ಸತ್ಸಂಪ್ರದಾಯದ ನೆರಳಿನಲ್ಲಿಯೇ ಒಂದು ತೊಡಕೂ ಬೆಳೆದುಕೊಂಡಿದೆ. ಬಡಿಸುವವನು ಕೈ ತಡೆಯದೆ ಬಡಿಸುತ್ತಾನೆ; ಉಣ್ಣುವವನು ಸಾಕೆನ್ನಲು ಸಂಕೋಚಪಡುತ್ತಾನೆ; ಎಲೆಗೆ ಬಿದ್ದುದನ್ನು ಬಿಡಲಾಗದೆ ಹಸಿವು ತೀರಿದ ಮೇಲೆಯೂ ನುಂಗುತ್ತಾನೆ. ಪಂಕ್ತಿಯಿಂದ ಎದ್ದಾಗ ಹೊಟ್ಟೆ ತಮಟೆಯಂತೆ ಬಿಗಿದು, ತೇಗು ಬಾರದೆ, ಉಸಿರೆಳೆಯುವುದೇ ಪ್ರಯಾಸವಾಗುತ್ತದೆ. ಚೆಲ್ಲದೆ ಉಂಡ ಮಾತ್ರಕ್ಕೆ ಪ್ರಸಾದದ ಮರ್ಯಾದೆ ಉಳಿಯಿತೇ ಎಂಬುದು ಇಲ್ಲಿ ವಿಚಾರ ಮಾಡಬೇಕಾದ ಪ್ರಶ್ನೆ.

ತುಮಕೂರು ಸೀಮೆಯಲ್ಲಿ ಈ ಪ್ರಶ್ನೆಯು ವರ್ಷಕ್ಕೊಮ್ಮೆ ತಾನಾಗಿಯೇ ಮೇಲೇಳುವುದುಂಟು. ಮಹಾಶಿವರಾತ್ರಿಯ ಸುಮಾರಿಗೆ ಸಿದ್ಧಗಂಗೆಯಲ್ಲಿ ಜಾತ್ರೆಯೂ ದನಗಳ ಪರಿಷೆಯೂ ನೆರೆಯುತ್ತವೆ. ಗುಬ್ಬಿಯಲ್ಲಿ ಗೋಸಲ ಶ್ರೀ ಚನ್ನಬಸವೇಶ್ವರರ ರಥೋತ್ಸವ ನಡೆಯುತ್ತದೆ. ಯುಗಾದಿ ಕಳೆದ ಮೇಲೆ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಶ್ರೀ ತೋಂಟದ ಸಿದ್ಧಲಿಂಗೇಶ್ವರರ ತೇರು. ಎಲ್ಲಿ ತೇರೋ ಅಲ್ಲಿ ದಾಸೋಹ. ಶಿವರಾತ್ರಿಯಂದು ಹಗಲೆಲ್ಲ ಉಪವಾಸವಿದ್ದು, ಇರುಳೆಲ್ಲ ಜಾಗರಣೆ ಮಾಡಿ, ಮರುದಿನ ಮುಂಜಾನೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಿಂದ ಆರಂಭಿಸಿ ಮಧ್ಯಾಹ್ನದ ಪಂಕ್ತಿಯವರೆಗೆ ಬಾಯಿಗೆ ಬಿಡುವು ಕೊಡದವರೂ ಇದ್ದಾರೆ. ಊರಿಗೆ ಮರಳಿದರೆ ಯುಗಾದಿಯ ಒಬ್ಬಟ್ಟು, ಅದರ ಮೇಲೆ ತುಪ್ಪ, ಕಾಯಿಹಾಲು, ಕೊನೆಗೆ ಒಬ್ಬಟ್ಟಿನ ಸಾರಿನಲ್ಲಿ ಕಲಸಿದ ಅನ್ನ. ಒಂದೊಂದೂ ಒಳ್ಳೆಯ ಆಹಾರವೇ. ಕೂಡಿದಾಗ ಅವು ಜಠರಕ್ಕೆ ಹೊರೆಯಾಗುತ್ತವೆ. ಇನ್ನು ಆ ಮನೆಯ ಅತ್ತೆಯೋ ಅಜ್ಜಿಯೋ ಪಕ್ಕದಲ್ಲಿ ನಿಂತು, "ನನ್ನ ಮೇಲಾಣೆ, ಇನ್ನೊಂದು ಹಾಕಿಸಿಕೊಳ್ಳಪ್ಪ" ಎಂದರೆ ಮುಗಿದೇ ಹೋಯಿತು.

ಇಂತಹ ಸಂದರ್ಭದಲ್ಲಿ ಶರಣರ ಬೋಧೆ ಏನು ಹೇಳುತ್ತದೆ? ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ತುಮಕೂರಿಗೆ ಸಮೀಪದ ಗೂಳೂರಿನ ಹೆಸರನ್ನು ಹೊತ್ತ ಸಿದ್ಧವೀರಣ್ಣೊಡೆಯರು ಸಂಪಾದಿಸಿದ ಶೂನ್ಯಸಂಪಾದನೆಯಲ್ಲಿಯೂ ಈ ದಂಪತಿಗಳಿಗೆ ದೊಡ್ಡ ಸ್ಥಾನವಿದೆ. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಜಂಗಮದಾಸೋಹ, ಅದರಿಂದಲೇ ಮನೆಯ ಊಟ. ಒಂದು ದಿನ ಆತನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ಇಷ್ಟು ಅಕ್ಕಿ ನಮಗೇಕೆ, ಇದು ಅವಶ್ಯಕತೆಯೋ ಆಸೆಯೋ ಎಂದು ಕೇಳಿ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದುಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ; ಕಾಯಕದಿಂದಲೇ ಬಂದದ್ದು. ಆದರೂ ಅಂದಿನ ಅಗತ್ಯವನ್ನು ಮೀರಿತೆಂಬ ಒಂದೇ ಕಾರಣಕ್ಕೆ ಅದು ಆ ಮನೆಗೆ ಸಲ್ಲದಾಯಿತು. ಈ ಪ್ರಸಂಗವನ್ನು ಸಾಮಾನ್ಯವಾಗಿ ಧನಸಂಗ್ರಹಕ್ಕೆ ಅನ್ವಯಿಸಿ ಹೇಳುವರು. ಅದನ್ನು ಊಟದ ಎಲೆಗೂ ಅನ್ವಯಿಸಬಾರದೇಕೆ? ಕಣಜದಲ್ಲಿ ಕೂಡಿಡುವುದು ಆಸೆಯಾದರೆ, ಹೊಟ್ಟೆಯಲ್ಲಿ ಕೂಡಿಡುವುದೂ ಆಸೆಯೇ. ಲಕ್ಕಮ್ಮನು ತಿದ್ದಿದ್ದು ಅಕ್ಕಿ ಮಡಕೆಗೆ ಬೀಳುವುದಕ್ಕೆ ಮುಂಚೆ ಎಂಬುದನ್ನು ಮಾತ್ರ ಮರೆಯಬಾರದು. ಬೆಂದ ಮೇಲೆ, ಬಡಿಸಿದ ಮೇಲೆ, ಅರ್ಪಿತವಾದ ಮೇಲೆ ಹಿಂದಕ್ಕೆ ಕಳುಹಿಸುವ ದಾರಿಯಿಲ್ಲ.

ಅರ್ಪಿತದ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಪದಾರ್ಥದ ರೂಪನ್ನು ಇಷ್ಟಲಿಂಗಕ್ಕೂ, ರುಚಿಯನ್ನು ಪ್ರಾಣಲಿಂಗಕ್ಕೂ, ತೃಪ್ತಿಯನ್ನು ಭಾವಲಿಂಗಕ್ಕೂ ಅರ್ಪಿಸುವುದು ಶಿವಾಚಾರದ ಕ್ರಮ. ಶುದ್ಧ, ಸಿದ್ಧ, ಪ್ರಸಿದ್ಧ ಎಂದು ಪ್ರಸಾದವನ್ನು ಮೂರಾಗಿ ಹೇಳುವುದು ಈ ನೆಲೆಯಿಂದಲೇ. ರೂಪನ್ನು ಅರ್ಪಿಸುವುದು ಸುಲಭ. ಊಟಕ್ಕೆ ಮೊದಲು ಎಲ್ಲರೂ ಮಾಡುವರು. ರುಚಿಯನ್ನು ಅರ್ಪಿಸಬೇಕಾದರೆ ನಾಲಗೆಯ ಮೇಲೆ ತುತ್ತು ಕೆಲಕಾಲವಾದರೂ ನಿಲ್ಲಬೇಕು. ತೃಪ್ತಿಯನ್ನು ಅರ್ಪಿಸಬೇಕಾದರೆ ಅದು ಬಂದ ಕ್ಷಣ ಉಣ್ಣುವವನ ಅರಿವಿಗೆ ಬರಬೇಕು. ಗಬಗಬನೆ ಉಂಡವನಿಗೆ ಆ ಕ್ಷಣ ಸಿಕ್ಕುವುದೇ ಇಲ್ಲ; ಅವನಿಗೆ ಹಸಿವು ಗೊತ್ತು, ಆಮೇಲೆ ಉಬ್ಬಸ ಗೊತ್ತು; ನಡುವಿನ ತೃಪ್ತಿ ಯಾವಾಗ ಬಂದು ಯಾವಾಗ ಹೋಯಿತೋ ಅರಿಯನು. ಅಂಥವನು ಭಾವಲಿಂಗಕ್ಕೆ ಏನನ್ನು ಅರ್ಪಿಸಿಯಾನು?

ದೇಹಶಾಸ್ತ್ರವೂ ಇದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಜಠರವು ಸ್ನಾಯುವಿನ ಚೀಲ. ಸಾಮಾನ್ಯ ಊಟದಲ್ಲಿ ಅದು ಸುಮಾರು 1ರಿಂದ 1.5 ಲೀಟರ್‌ನಷ್ಟನ್ನು ನಿರಾಯಾಸವಾಗಿ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಹಿಗ್ಗುತ್ತದೆ. ಹಿಗ್ಗಿದ ಚೀಲ ಮೇಲಿನ ವಪೆಯನ್ನು ಒತ್ತುವುದರಿಂದ ಉಸಿರು ಕಟ್ಟಿದಂತಾಗುತ್ತದೆ. ಸಾಕೆಂಬ ಸೂಚನೆಯು ಜಠರದಿಂದಲೂ ಕರುಳಿನಿಂದಲೂ ಹೊರಟು ಮೆದುಳಿನಲ್ಲಿ ನೆಲೆಗೊಳ್ಳುವುದಕ್ಕೆ 15ರಿಂದ 20 ನಿಮಿಷ ಹಿಡಿಯುತ್ತದೆ. ಜಾತ್ರೆಯ ಪಂಕ್ತಿಯಲ್ಲಿ 10 ನಿಮಿಷಕ್ಕೆ ಎಲೆ ಬರಿದಾಗುವುದನ್ನು ನೋಡಿದವರಿಗೆ ಇದರ ಅರ್ಥ ಬೇರೆ ಹೇಳಬೇಕಾಗಿಲ್ಲ. ಅವಸರದ ತುತ್ತಿನೊಂದಿಗೆ ಗಾಳಿಯೂ ಒಳಗೆ ಹೋಗುತ್ತದೆ. ಎಣ್ಣೆ, ತುಪ್ಪ, ಕೊಬ್ಬರಿ ಹೆಚ್ಚಾದ ಊಟ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಸಾಧಾರಣ ಊಟ ಇಳಿಯಲು ಸುಮಾರು 4 ತಾಸು ಸಾಕಾದರೆ, ಒಬ್ಬಟ್ಟಿನ ಊಟಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಉಬ್ಬರದಲ್ಲಿ ಎರಡು ಬಗೆಯುಂಟು. ಪರಿಹಾರವೂ ಬೇರೆಯಾದುದರಿಂದ ಭೇದವನ್ನು ಅರಿತಿರಬೇಕು. ಉಂಡೊಡನೆ ಎದೆಗೂಡಿನ ಕೆಳಗೆ ಬಿಗಿಯುವುದು ಜಠರ ತುಂಬಿದ್ದರಿಂದ, ಗಾಳಿ ನುಂಗಿದ್ದರಿಂದ. ನಾಲ್ಕಾರು ತಾಸಿನ ಮೇಲೆ ಹೊಕ್ಕುಳ ಕೆಳಗೆ ಗುಡುಗುಡು ಎನ್ನುತ್ತ ಉಬ್ಬುವುದು ದೊಡ್ಡ ಕರುಳಿನ ವಾಯು. ಅವರೆ, ಹುರುಳಿ, ಕಡಲೆ, ಅಲಸಂದೆಗಳಲ್ಲಿ ಮನುಷ್ಯನ ಕರುಳು ಅರಗಿಸಲಾರದ ಒಂದು ಬಗೆಯ ಸಕ್ಕರೆಯಿದೆ. ಅದನ್ನು ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಿ ವಾಯುವನ್ನು ಉಂಟುಮಾಡುತ್ತವೆ. ಕಾಳನ್ನು ರಾತ್ರಿಯೆಲ್ಲ ನೆನೆಹಾಕಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ಇದು ಕಡಿಮೆಯಾಗುತ್ತದೆ. ಹುರುಳಿಯನ್ನು ಮೊಳಕೆ ಬರಿಸಿ ಸಾರು ಮಾಡುವುದೂ, ಕಾಳಿನ ಅಡಿಗೆಗೆ ಇಂಗು ಬೆಳ್ಳುಳ್ಳಿಯ ಒಗ್ಗರಣೆ ಕೊಡುವುದೂ ಹೆಂಗಸರಿಗೆ ತಲೆತಲಾಂತರದಿಂದ ತಿಳಿದ ವಿದ್ಯೆ. ರಾಗಿಮುದ್ದೆಯ ಮೇಲೆ ಕೆಲವರು ಅಪವಾದ ಹೊರಿಸುವರು, ಅದು ಸರಿಯಲ್ಲ. ಮುದ್ದೆ ಮಿತವಾಗಿದ್ದು, ಸಾರಿನಲ್ಲಿ ಚೆನ್ನಾಗಿ ನೆನೆದು, ಸಣ್ಣ ತುತ್ತಾಗಿ ಇಳಿದರೆ ಯಾವ ಬಾಧೆಯೂ ಇಲ್ಲ. ಹೊಲದಲ್ಲಿ ದುಡಿದ ತಂದೆಯ ಅಳತೆಯ ಮುದ್ದೆಯನ್ನು ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ಮಗನೂ ನುಂಗಿದರೆ ತಪ್ಪು ರಾಗಿಯದಲ್ಲ.

ಇಷ್ಟಾಗಿಯೂ ಊಟ ಮಿತಿಮೀರಿತು, ಹೊಟ್ಟೆ ಉಬ್ಬಿತು ಎನ್ನಿರಿ. ಆಗ ಮಾಡತಕ್ಕದ್ದೇನು?

ಮೊದಲು ಉಡುಪಿನ ಬಿಗಿಯನ್ನು ಸಡಿಲಿಸಬೇಕು. ಪಂಚೆಯ ಗಂಟು, ನಡುಪಟ್ಟಿ, ಸೀರೆಯ ನೆರಿಗೆ, ಯಾವುದಾದರೂ ಸರಿ. ಆಮೇಲೆ ಮಲಗದೆ ನಿಧಾನವಾಗಿ 10-15 ನಿಮಿಷ ನಡೆದಾಡಬೇಕು. ಉಂಡ ಮೇಲೆ ನೂರು ಹೆಜ್ಜೆ ಎಂದು ಹಿರಿಯರು ಹೇಳುವುದು ಇದನ್ನೇ. ಮೆಲ್ಲಗೆ ನಡೆಯುವುದರಿಂದ ಜಠರವು ಕೆಳಕ್ಕೆ ದೂಡುವ ಕೆಲಸ ಚುರುಕಾಗುತ್ತದೆ, ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಓಡುವುದು, ಭಾರ ಎತ್ತುವುದು, ಬಗ್ಗಿ ಏಳುವುದು ಕೂಡದು. ಅದರಿಂದ ಹುಳಿ ಎದೆಗೆ ಏರುತ್ತದೆ. ನಡೆಯಲಾರದ ವೃದ್ಧರು ಬೆನ್ನನ್ನು ನೆಟ್ಟಗಿಟ್ಟುಕೊಂಡು ಕುಳಿತಿರಬಹುದು; ಮೊಣಕಾಲು ಗಟ್ಟಿಯಿದ್ದವರಿಗೆ ಸ್ವಲ್ಪ ಹೊತ್ತು ವಜ್ರಾಸನವೂ ಆಗಬಹುದು. ಒರಗಲೇಬೇಕಾದರೆ ತಲೆಯ ಕಡೆ ಎತ್ತರ ಮಾಡಿಕೊಂಡು ಎಡಮಗ್ಗುಲಾಗಿ ಒರಗುವುದು ಲೇಸು. ಚಪ್ಪಟೆಯಾಗಿ ಮಲಗಿ ನಿದ್ರೆ ಹೋಗಲು ಎರಡು ಮೂರು ತಾಸಾದರೂ ಕಳೆಯಬೇಕು.

ಕುಡಿಯುವುದಕ್ಕೆ ಬಿಸಿನೀರು ಸಾಕು, ಅದೂ ಗುಟುಕು ಗುಟುಕಾಗಿ. ತುಂಬಿದ ಕೊಡಕ್ಕೆ ಮತ್ತೆ ಒಂದು ಚೊಂಬು ನೀರು ಸುರಿದು ಹಗುರ ಮಾಡುವೆನೆನ್ನುವುದು ವಿವೇಕವಲ್ಲ. ಅಡಿಗೆಮನೆಯ ಡಬ್ಬಿಗಳಲ್ಲಿಯೇ ಉಳಿದ ಔಷಧವಿದೆ. ಒಂದು ಚಮಚ ಜೀರಿಗೆಯನ್ನು ಎರಡು ಲೋಟ ನೀರಿನಲ್ಲಿ ಕುದಿಸಿ, ಒಂದು ಲೋಟಕ್ಕೆ ಇಳಿಸಿ, ಶೋಧಿಸಿ ಬೆಚ್ಚಗೆ ಕುಡಿಯಬಹುದು. ಬೆರಳುಗಾತ್ರದ ಹಸಿಶುಂಠಿಯ ಅರ್ಧದಷ್ಟನ್ನು ಜಜ್ಜಿ ಕಷಾಯ ಮಾಡಿದರೂ ಒಳ್ಳೆಯದು. ಶುಂಠಿಯು ಜಠರ ಬರಿದಾಗುವುದಕ್ಕೆ ನೆರವಾಗುವುದೆಂಬುದನ್ನು ಈಗಿನ ವೈದ್ಯಪರೀಕ್ಷೆಗಳೂ ಕಂಡಿವೆ. ಓಮದ ಕಾಳನ್ನು ಕಾಲು ಚಮಚದಷ್ಟು ಒಂದು ಹರಳುಪ್ಪಿನೊಂದಿಗೆ ಅಗಿದು ಬಿಸಿನೀರು ಕುಡಿಯುವುದು ಈ ಸೀಮೆಯ ಹಳೆಯ ವಾಡಿಕೆ. ಉಬ್ಬರವು ಮೇಲುಹೊಟ್ಟೆಯದಾದರೆ ಇವೇ ಸಾಕು. ಕೆಳಹೊಟ್ಟೆಯ ವಾಯುವಾದರೆ, ಊಟವಾಗಿ ಮೂರು ತಾಸು ಕಳೆದ ಮೇಲೆ ಮಲಗಿ ಮೊಣಕಾಲುಗಳನ್ನು ಎದೆಯ ಕಡೆಗೆ ಎಳೆದುಕೊಳ್ಳುವುದು, ಹೊಟ್ಟೆಯನ್ನು ಬಲಗೆಳಗಿನಿಂದ ಮೇಲಕ್ಕೆ, ಅಲ್ಲಿಂದ ಅಡ್ಡಲಾಗಿ ಎಡಕ್ಕೆ, ಎಡದಿಂದ ಕೆಳಕ್ಕೆ ಅಂಗೈಯಿಂದ ಹಗುರವಾಗಿ ನೀವುವುದು ಹಿತವಾಗುತ್ತದೆ. ಕರುಳಿನ ದಾರಿಯೇ ಹಾಗಿದೆ. ನೀರುಮಜ್ಜಿಗೆಗೆ ಚಿಟಿಕೆ ಇಂಗು, ಉಪ್ಪು, ಶುಂಠಿ ಬೆರೆಸಿ ಸಂಜೆಗೆ ತೆಗೆದುಕೊಳ್ಳಬಹುದು, ಗಟ್ಟಿಮೊಸರು ಬೇಡ. ಬಸುರಿಯರಿಗೂ ಎಳೆಯ ಮಕ್ಕಳಿಗೂ ಓಮ, ಇಂಗುಗಳನ್ನು ಔಷಧದಂತೆ ಕೊಡುವುದಕ್ಕೆ ಮುನ್ನ ವೈದ್ಯರನ್ನು ಕೇಳುವುದು ಒಳಿತು.

ಮಾಡಬಾರದ್ದೂ ಕೆಲವಿವೆ. ತೇಗು ಬರಲೆಂದು ಗೋಲಿಸೋಡ ಕುಡಿಯುವುದು ಸಾಮಾನ್ಯವಾಗಿದೆ. ಅದು ಉಬ್ಬಿದ ಚೀಲಕ್ಕೆ ಮತ್ತಷ್ಟು ಗಾಳಿ ತುಂಬುವುದೇ ಹೊರತು ಬೇರಲ್ಲ. ಅಡಿಗೆಸೋಡವನ್ನು ನೀರಿನಲ್ಲಿ ಕದಡಿ ಕುಡಿಯುವುದು ಇನ್ನೂ ಅಪಾಯಕರ. ಹುಳಿಯೊಡನೆ ಸೇರಿ ಅದು ಒಮ್ಮೆಗೇ ವಾಯುವನ್ನು ಎಬ್ಬಿಸುತ್ತದೆ. ಭಾರಿ ಊಟದ ಮೇಲೆ ಹೀಗೆ ಮಾಡಿ ಜಠರವೇ ಬಿರಿದ ಪ್ರಸಂಗಗಳು, ವಿರಳವಾದರೂ, ವೈದ್ಯರ ದಾಖಲೆಗಳಲ್ಲಿವೆ. ರಕ್ತದ ಒತ್ತಡವಿರುವವರಿಗೆ ಅದರ ಉಪ್ಪೂ ಕೇಡು. ಬೆರಳು ಹಾಕಿ ವಾಂತಿ ಮಾಡುವುದು, ಭೇದಿಯ ಮಾತ್ರೆ ನುಂಗುವುದು, ಅಡಿಕೆಯೊಡನೆ ಹೊಗೆಸೊಪ್ಪು ಹಾಕುವುದು, ಇವೆಲ್ಲ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪನ್ನು ಪೇರಿಸಿದಂತೆ.

ಎಲ್ಲಕ್ಕೂ ಮಿಗಿಲಾದ ಔಷಧವೆಂದರೆ ಮುಂದಿನ ಹೊತ್ತಿನ ಊಟವನ್ನು ಬಿಡುವುದು, ಇಲ್ಲವೆ ತೆಳುಗಂಜಿಯಲ್ಲಿ ಮುಗಿಸುವುದು. ಇದನ್ನು ಉಪವಾಸವ್ರತವೆಂದು ತಿಳಿಯಬೇಕಾಗಿಲ್ಲ. ದುಡಿದ ಎತ್ತಿನ ನೊಗ ಇಳಿಸಿದಂತೆ ಅದು ಜಠರಕ್ಕೆ ಕೊಟ್ಟ ಬಿಡುವು. ಆದರೆ ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ ಚುಚ್ಚುಮದ್ದನ್ನೋ ತೆಗೆದುಕೊಳ್ಳುವವರು ಔಷಧ ತೆಗೆದುಕೊಂಡು ಊಟ ಬಿಡಕೂಡದು. ರಕ್ತದಲ್ಲಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪುವ ಭಯವಿದೆ. ಅಂಥವರು ತಮ್ಮ ವೈದ್ಯರ ಮಾತಿನಂತೆಯೇ ನಡೆಯಬೇಕು.

ಒಂದು ಸಂಗತಿಯನ್ನು ಪ್ರತಿಯೊಬ್ಬ ಗೃಹಸ್ಥನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಊಟವಾದ ಮೇಲೆ ಎದೆ ಬಿಗಿದರೆ "ಏನಿಲ್ಲ, ಗ್ಯಾಸು" ಎಂದು ಓಮ ಅಗಿದು ಮಲಗಿದವರು ಬೆಳಗ್ಗೆ ಏಳದೆ ಹೋದ ಮನೆಗಳು ಯಾವ ಊರಿನಲ್ಲಿಯೂ ಉಂಟು. ಎದೆಯ ನಡುವೆ ಭಾರವಿಟ್ಟಂತೆ ಒತ್ತುವುದು, ನೋವು ಎಡದೋಳಿಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಉಬ್ಬಸ, ತಲೆಸುತ್ತು, ಇವು ಕಂಡರೆ ಅದು ಹೃದಯದ ನೋವಾಗಿರಬಹುದು. ಹೆಂಗಸರಲ್ಲಿಯೂ, ಸಕ್ಕರೆ ಕಾಯಿಲೆಯವರಲ್ಲಿಯೂ ನೋವು ಸ್ಪಷ್ಟವಿಲ್ಲದೆ ಬರಿಯ ಅಜೀರ್ಣದಂತೆಯೇ ತೋರುವುದುಂಟು. ಕಷಾಯ ಕುದಿಯುವವರೆಗೆ ಕಾಯದೆ 108ಕ್ಕೆ ಕರೆಮಾಡಿ ಆಂಬ್ಯುಲೆನ್ಸ್ ತರಿಸಿ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆ ಕಲ್ಲಿನಂತಾಗಿ ಮಲವೂ ವಾಯುವೂ ಹೋಗದೆ ವಾಂತಿಯಾಗುತ್ತಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಮಲ ಕರ್ರಗಾದರೆ, ಆಗಲೂ ತಡಮಾಡುವಂತಿಲ್ಲ. ಇನ್ನು, ಹೆಚ್ಚು ಉಣ್ಣದಿದ್ದರೂ ವಾರಗಟ್ಟಲೆ ಹೊಟ್ಟೆ ಉಬ್ಬಿಯೇ ಇರುವುದು, ನಾಲ್ಕು ತುತ್ತಿಗೇ ಸಾಕಾಗುವುದು, ಮೈ ಇಳಿಯುವುದು, ಇವು ಬೇರೆ ರೋಗದ ಗುರುತಾಗಿರಬಹುದು. ನಡುವಯಸ್ಸು ದಾಟಿದ ತಾಯಂದಿರು ಇದನ್ನು ಸಂಕೋಚದಿಂದ ಮುಚ್ಚಿಡದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಇಲ್ಲಿಯವರೆಗೆ ಹೇಳಿದ್ದು ಉಂಡ ಮೇಲಿನ ಮಾತು. ಉಣ್ಣುವ ಮೊದಲಿನ ಲೆಕ್ಕವನ್ನು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಹೇಳಿಟ್ಟಿದ್ದಾರೆ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ, ಎರಡು ಭಾಗವನ್ನು ಅನ್ನಕ್ಕೂ ಒಂದನ್ನು ದ್ರವಕ್ಕೂ ಕೊಟ್ಟು, ಉಳಿದೊಂದನ್ನು ವಾಯುವಿನ ಸಂಚಾರಕ್ಕೆ ಬಿಡಬೇಕೆಂಬುದು ಅವರ ಮತ. ಈ ಕಾಲುಭಾಗದ ಬಿಡುವನ್ನು ಉಣ್ಣುವವನೊಬ್ಬನೇ ಕಾಪಾಡಲಾರನು. ಬಡಿಸುವವನ ಸಹಕಾರವೂ ಬೇಕು. ಬೇಡವೆಂದು ಎಲೆಯ ಮೇಲೆ ಕೈ ಅಡ್ಡ ಹಿಡಿದವನ ಬೆರಳ ಸಂದಿಯಲ್ಲಿ ಪಾಯಸ ಸುರಿಯುವುದನ್ನು ಉಪಚಾರವೆಂದು ಎಣಿಸುವುದು ನಮ್ಮ ನಾಡಿನ ದೊಡ್ಡ ಭ್ರಮೆ. ಅಲ್ಲಿ ಅತಿಥಿಗೆ ಎರಡು ದಾರಿಗಳು ಮಾತ್ರ ಉಳಿಯುತ್ತವೆ: ಪ್ರಸಾದವನ್ನು ಬಿಡುವುದು, ಇಲ್ಲವೆ ದೇಹವನ್ನು ದಂಡಿಸುವುದು. ಎರಡರ ದೋಷವೂ ಬಡಿಸಿದವನಿಗೇ ಸೇರತಕ್ಕದ್ದು. ಮೊದಲ ಸುತ್ತಿಗೆ ಸ್ವಲ್ಪವೇ ಬಡಿಸಿ, ಎರಡನೆಯ ಸುತ್ತಿಗೆ ಕೇಳಿ ಬಡಿಸಿದರೆ ದಾಸೋಹಕ್ಕೆ ಯಾವ ಕುಂದೂ ಇಲ್ಲ. ಮಕ್ಕಳಿಗಂತೂ ಅರ್ಧ ಮುದ್ದೆಯಿಂದ ಆರಂಭಿಸುವುದೇ ಸರಿ. "ಪೂರ್ತಿ ತಿನ್ನದಿದ್ದರೆ ಪಾಪ" ಎಂದು ಹೆದರಿಸುವ ಬದಲು, ಬೇಕಾದಷ್ಟನ್ನೇ ಕೇಳಿ ಹಾಕಿಸಿಕೊಳ್ಳುವುದನ್ನು ಕಲಿಸಬೇಕು.

ಸಿದ್ಧಗಂಗೆಯ ಅಡಿಗೆಮನೆಯ ಒಲೆಯನ್ನು ನೋಡದ ಭಕ್ತರು ಈ ಸೀಮೆಯಲ್ಲಿ ವಿರಳ. ಸುತ್ತಣ ರೈತರು ತಂದೊಪ್ಪಿಸುವ ರಾಗಿ, ಕಾಳು, ತರಕಾರಿಗಳಿಂದ ಅಲ್ಲಿ ಸಾವಿರಾರು ಮಂದಿ ವಿದ್ಯಾರ್ಥಿಗಳಿಗೂ ಯಾತ್ರಿಕರಿಗೂ ಪ್ರತಿದಿನ ಅನ್ನ ನಡೆಯುತ್ತಿದೆ. 1941ರಿಂದ 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಆ ದಾಸೋಹವನ್ನು ನಡೆಸಿದ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳ ಸ್ವಂತ ಆಹಾರ ಅತ್ಯಲ್ಪವಾಗಿತ್ತೆಂಬುದು ನಾಡಿಗೆಲ್ಲ ತಿಳಿದ ವಿಷಯ. ಅಷ್ಟು ಜನಕ್ಕೆ ಉಣಿಸಿದ ಕೈ ತನ್ನ ತಟ್ಟೆಗೆ ಮಾತ್ರ ಬಿಗಿಯಾಗಿತ್ತು.

ಅಂಥ ದೊಡ್ಡ ದಾಸೋಹದಲ್ಲಿ ಕೊನೆಯ ಪಂಕ್ತಿ ಯಾರದೆಂಬುದನ್ನು ಗಮನಿಸಬೇಕು. ತೇರಿನ ಮಿಣಿ ಎಳೆದು ತಡವಾಗಿ ಬಂದವರು, ವಾದ್ಯದವರು, ದೂರದೂರಿನ ಗಾಡಿಯವರು, ಬೆಳಗಿನಿಂದ ಒಲೆಯ ಮುಂದೆ ನಿಂತ ಅಡಿಗೆಯವರು, ಎಲೆ ಎತ್ತಿ ನೆಲ ಸಾರಿಸಿದವರು. ಮೊದಲ ಪಂಕ್ತಿಯ ಎಲೆಗೆ ಹೆಚ್ಚಾಗಿ ಬಿದ್ದದ್ದು ಮತ್ತೊಬ್ಬರಿಗೆ ಸಲ್ಲದು. ಕೊಪ್ಪರಿಗೆಯಲ್ಲಿ ಉಳಿದದ್ದು ಇವರಿಗೆ ಬಿಸಿಬಿಸಿಯಾಗಿ ಸಲ್ಲುತ್ತದೆ. ಸಾಕೆಂದು ಕೈ ಅಡ್ಡ ಹಿಡಿದವನ ಪಾಲಿನ ಒಂದು ಸೌಟು ಅನ್ನ, ಸಂಜೆ ನಾಲ್ಕರ ಹೊತ್ತಿಗೆ, ಆ ಕೊನೆಯ ಸಾಲಿನ ಎಲೆಯೊಂದರ ಮೇಲೆ ಬೀಳುತ್ತದೆ.